ಗೆಜ್ಜಲಗೆರೆಯ ಹಸಿರು ಕ್ರಾಂತಿ

ಕೇಳಿಸ್ಕಳಿ ಇಲ್ಲಿ. ದೊಡ್ ದೊಡ್ ಕಂಪ್ನಿಗಳಿಗೆ ಸಾಫ್ಟ್‌ವೇರ್ ಬದಲಾಯ್ಸಕ್ಕೆ ಆರು ತಿಂಗ್ಳು ಬೇಕಂತೆ. ಈ ಮಳವಳ್ಳಿ ಸಂತೋಸ ಒಂದೇ ವಾರ್ದಲ್ಲಿ ಮುಗಿಸ್ದ. ಸ್ಲೋ ಮೋಷನ್ನು, ಮ್ಯೂಸಿಕ್ಕು ನೀವೇ ಹಾಕ್ಕಳಿ.

ಗೆಜ್ಜಲಗೆರೇಲಿ ಅಫ್ಸರ್ ಪಾಷಾ ಭಾಯ್‌ದು ಕಬ್ಬಿನ ಗಾಣ ಮಾಡೋ ಫ್ಯಾಕ್ಟ್ರಿ. ಕೆಲಸದೋರು ಎಂಟು ಜನ, ಆಫೀಸಲ್ಲಿ ನಾನೊಬ್ಬ. ಯಾವ ಗಾಣ ಎಲ್ಲೀಗಂಟ ಬಂತು, ರೋಲರ್ ಕೂರ್ಸಾಯ್ತಾ, ಪೇಂಟ್ ಆಯ್ತಾ ಅಂತ ಎಲ್ರೂ ಫೋನಲ್ಲಿ ಒತ್ಬೇಕು. ಹಳೇ ಆ್ಯಪು ಪೂರ್ತಿ ಇಂಗ್ಲೀಸು, ಒಬ್ಬನೂ ಒತ್ಲಿಲ್ಲ. ಕನ್ನಡದ್ದೊಂದು ಹೊಸದು ತಂದೆ. ಕೆಲಸ ಮುಗುದ್ರೆ ಆಫೀಸ್ ಕಂಪ್ಯೂಟರ್ ಬೋರ್ಡಲ್ಲಿ ಅವರವರ ಹೆಸರಿನ ಮುಂದೆ ಹಸಿರು, ಇಲ್ದಿದ್ರೆ ಕೆಂಪು.

ಸೋಮವಾರ ಭಾಯ್ ಒಂದೇ ಮಾತು ಅಂದ್ರು. "ಸುಕ್ರವಾರಕ್ಕೆ ಇದೂ ಮಲಿಕ್ಕಂಡ್ರೆ, ನೀನೂ ಮನೇಗೋಗಿ ಮಲಿಕ್ಕಳಪ್ಪ."

ಎಂಟೂ ಜನಾನ ಸಾಲಾಗಿ ನಿಲ್ಸಿ, ಪಾಸ್‌ವರ್ಡ್ ಚೀಟಿ ಹಂಚಿ, ಕಾಲರ್ ಎತ್ತಿ ಡೈಲಾಗ್ ಬುಟ್ಟೆ. "ಕೆಂಪು ಕಂಡ್ರೆ ಗೂಳಿಗಾಗಲ್ಲ. ನಂಗೂ ಆಗಲ್ಲ!"

ವೆಲ್ಡರ್ ಮಹದೇವು ಮಾಸ್ಕ್ ಎತ್ತಿ, "ಲೇ, ಇಂಟ್ರವಲ್ ಯಾವಾಗ್ಲಾ?" ಅಂದ. ಎಲ್ರೂ ಕಿಸಕ್ಕಂದ್ರು. ಟೀ ತಂದಿದ್ದ ಚಿಕ್ಕಮಾದಮ್ಮನೂ ಸೆರಗು ಅಡ್ಡ ಹಿಡ್ಕಂಡು ನಕ್ಲು. ನಗ್ಲಿ. ಹೀರೋಗೆ ಮೊದಲ್ನೇ ರೀಲಲ್ಲಿ ಒದೆ ಬೀಳ್ಲೇಬೇಕು.

ಆವತ್ತು ಸಂಜೆ ಬೋರ್ಡಲ್ಲಿ ನಂದೊಂದೇ ಹಸಿರು. ಮಿಕ್ಕಿದ್ದೆಲ್ಲ ಕೆಂಪು.

ಮಂಗಳವಾರ ಹನ್ನೊಂದಕ್ಕೆ ನೋಡ್ತೀನಿ, ಪಟಪಟಾಂತ ಹಸಿರು! ನಾಕು ಗಂಟೆಗೆ ಮತ್ತೆ ಹಸಿರು. ಬುಧವಾರ, ಗುರುವಾರಾನೂ ಅದೇ ಹನ್ನೊಂದು, ಅದೇ ನಾಕು. ಏನು ಸಿಸ್ತು! ಡೈಲಾಗಿನ ಪವರ್ ಕಣ್ರೀ ಅದು.

ಸುಕ್ರವಾರ ಭಾಯ್ ಬೋರ್ಡ್ ನೋಡಿ ಹುಬ್ಬೇರಿಸಿದ್ರು. "ಮಹದೇವು, ಒಂದ್ಸಲ ಒತ್ತಿ ತೋರ್ಸು."

"ನಾನ್ಯಾಕೆ ಒತ್ಲಿ ಭಾಯ್? ಚಿಕ್ಕಮಾದಮ್ಮಂಗೆ ಏಳ್ತೀವಿ. ಅವ್ಳೇ ಒತ್ಕತಾಳೆ."

ಭಾಯ್ ಅವಳ ಕಡೆ ತಿರುಗಿದ್ರು. ಅವಳು ಫ್ಲಾಸ್ಕ್ ಕೆಳಗಿಟ್ಲು. "ಇವಕ್ಕೆ ಗ್ರೀಸ್ ಕೈ, ಫೋನೆಂಗೆ ಮುಟ್ಟಾವು ಭಾಯ್? ಚೀಟಿ ಎಲ್ಲಾ ನನ್ ತಾವೇ ಅವೆ. ಏನ್ ಕೆಲಸ ಆಯ್ತು ಅಂತ ಬಾಯಿ ಬುಡೋಗಂಟ ಹನ್ನೊಂದ್ರ ಟೀನೂ ಕೊಡಕ್ಕಿಲ್ಲ, ನಾಕ್ರ ಟೀನೂ ಕೊಡಕ್ಕಿಲ್ಲ."

"ಎಷ್ಟು ಚೀಟಿ ಅವೆ ತಾಯಿ?"

"ಒಂಬತ್ತು."

"ಕೆಲಸದೋರು ಎಂಟೇ ಜನ ಅಲ್ವಾ?"

ನಾನು ಫ್ಯಾನ್ ತಿರುಗೋದನ್ನ ನೋಡ್ತಾ ಕೂತೆ. ಭಾಯ್ ಬಂದು ನನ್ ಕುರ್ಚಿ ಬೆನ್ನಿಗೆ ಕೈಯಿಟ್ರು. "ಏಳಪ್ಪ. ಆಯಮ್ಮ ಕೂತ್ಕಳ್ಲಿ."

ಸರಿ, ಒಪ್ಕತೀನಿ. ಆ ಆ್ಯಪಲ್ಲಿ ಎಲ್ಲಿ ಒತ್ಬೇಕು ಅಂತ ನಂಗೇ ಗೊತ್ತಾಗ್ದೆ, ಸೋಮವಾರ ಸಂಜೆ ಟೀ ಹೊತ್ನಲ್ಲಿ "ಟ್ರೇನಿಂಗ್ ಕೊಟ್ಟಾಯ್ತು ಅಂತ ಒಂದು ಹಸಿರು ಒತ್ಬುಡಕ್ಕ" ಅಂತ ನನ್ ಚೀಟೀನ ಎಲ್ರಿಗಿಂತ ಮೊದ್ಲು ಅವಳ ಕೈಗಿಟ್ಟವ್ನೇ ನಾನು. ಮಿಕ್ಕ ಎಂಟು ಜನ ನನ್ನ ನೋಡಿ ಕಲ್ತ್ರು.