ಕನ್ನಡಕ ತಂದವನು

ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡುತ್ತಿದ್ದವಳು ತಲೆಯೆತ್ತಿದಳು. ಬಾಗಿಲಲ್ಲಿ ಗಂಡ ನಿಂತಿದ್ದ.

ಬಲಗಾಲು ಎಳೆಯುತ್ತ, ಗೋಡೆ ಹಿಡಿಯುತ್ತ, ಹೊಲಿಗೆ ತರಗತಿಯ ಹೊಸ್ತಿಲವರೆಗೆ ಒಬ್ಬನೇ ಬಂದಿದ್ದ. ಕೈಯಲ್ಲಿ ಅವಳು ಮನೆಯಲ್ಲಿ ಮರೆತ ಕನ್ನಡಕ. ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಅವನು ಒಬ್ಬನೇ ಬೀದಿಗಿಳಿದದ್ದು ಇದೇ ಮೊದಲು. ಅವಳು ಕುಣಿದಾಡಬೇಕಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಏಕೆಂದರೆ ಇಲ್ಲಿ, ಈ ಹೆಂಗಸರ ನಡುವೆ, ಅವನು ಸತ್ತುಹೋಗಿದ್ದ.

ಬೇಕೆಂದು ಕಟ್ಟಿದ ಕಥೆಯಲ್ಲ. ಸೇರಿದ ದಿನ ಯಾರೋ ಕೇಳಿದ್ದರು, “ನಿಮ್ಮನೆಯವ್ರು ಏನ್ ಮಾಡ್ತಾರೆ?”

“ಬಸ್ ಡ್ರೈವರ್ ಆಗಿದ್ರು.”

“ಆಗಿದ್ರು ಅಂದ್ರೆ?”

ತುತ್ತಿಡುವುದು, ಮೀಯಿಸುವುದು, ಅವನ ರೇಗಾಟ, ತನ್ನ ರೇಗಾಟ, ಎಲ್ಲವನ್ನೂ ಹೇಳುವಷ್ಟು ಉಸಿರು ಅವಳಲ್ಲಿರಲಿಲ್ಲ. “ಆಕ್ಸಿಡೆಂಟ್,” ಎಂದು ಸುಮ್ಮನಾದಳು. ಉಳಿದದ್ದನ್ನು ಅವರೇ ಸೇರಿಸಿಕೊಂಡರು. ಅಯ್ಯೋ ಎಂದು ಬೆನ್ನು ಸವರಿದರು. ತಿದ್ದಬಹುದಿತ್ತು. ತಿದ್ದಲಿಲ್ಲ. ಬೆನ್ನ ಮೇಲೆ ಯಾರದಾದರೂ ಕೈಯಾಡಿ ಎಷ್ಟು ಕಾಲವಾಗಿತ್ತೋ!

ಈಗ ಎಲ್ಲವೂ ಬಯಲು. ಆ ಪೆಟ್ಟು ಅವನ ಮನಸ್ಸಿಗೂ ಬಾಯಿಗೂ ನಡುವಿನ ಬಾಗಿಲನ್ನೇ ಕಿತ್ತುಹಾಕಿತ್ತು. ಅಜ್ಜಿಕಥೆಯ ಗಿಳಿಯ ಹಾಗೆ, ಕಂಡದ್ದನ್ನು ಕಂಡಂತೆ ಆಡಿಬಿಡುತ್ತಿದ್ದ. ಹಣ್ಣು ಹಿಡಿದು ನೋಡಲು ಬಂದ ಬಸ್ಸಿನ ಮಾಲೀಕರನ್ನು, “ಕೊಳೆಯೋಕ್ ಮುಂಚೆ ಇಲ್ಲಿಗೆ ಸಾಗಿಸಿದ್ರಾ?” ಎಂದು ಕೇಳಿದವನು. ಇನ್ನು ಇವರ ಬಾಯಲ್ಲಿ ಸುಳ್ಳು ಹುಟ್ಟೋದು ಕಷ್ಟ ಎಂದು ಡಾಕ್ಟರರೇ ಹೇಳಿದ್ದರು.

ಹೋದ ವಾರವೇ ಸಿಕ್ಕಿಬೀಳಬೇಕಿತ್ತು. ತರಗತಿಯಲ್ಲಿ ಗುಂಡಿ ಹೊಲಿಯುವುದಕ್ಕೆ ಎತ್ತಿದ ಕೈಯಾದ ಗುಂಡಿಯಕ್ಕ ಫೋನ್ ಮಾಡಿದಾಗ ಎತ್ತಿಕೊಂಡವನು ಅವನೇ. ತುಸು ಹೊತ್ತು ಕಿವಿಗಿಟ್ಟುಕೊಂಡಿದ್ದು, ಏನೂ ಹೇಳದೆ ಅವಳ ಕೈಗಿತ್ತ. ಯಾರು ಎತ್ತಿದರೆಂದೂ ಕೇಳದೆ ಗುಂಡಿಯಕ್ಕ ಇನ್ನೂ ಸುರಿಸುತ್ತಲೇ ಇದ್ದಳು: “ಹೋದವ್ರು ಹೋದ್ರು, ಎಷ್ಟ್ ದಿನ ಅಂತ ಒಂಟಿಯಾಗಿರ್ತೀಯ? ನಮ್ಮಣ್ಣನೂ ಒಂಟಿ, ಯೋಚ್ನೆ ಮಾಡೇ!”

ಆ ದಿನ ಅವನು ರೇಗಲಿಲ್ಲ. ಊಟವನ್ನೂ ಕೇಳಲಿಲ್ಲ. ಪುಣ್ಯಕ್ಕೆ ಅರ್ಥವಾಗಿಲ್ಲ ಎಂದುಕೊಂಡು ಅವಳು ನಿಟ್ಟುಸಿರು ಬಿಟ್ಟಿದ್ದಳು.

“ಯಾರ್ ಬೇಕಿತ್ತು?” ಈಗ ಗುಂಡಿಯಕ್ಕನೇ ಎದ್ದಳು.

ಅವನ ಬೆರಳು ಹೆಂಡತಿಯತ್ತ ತಿರುಗಿತು. ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು.

“ಇವಳಿಗೆ ನೀವೇನಾಗ್ಬೇಕು?”

ಅವಳು ತಲೆ ತಗ್ಗಿಸಿದಳು. ಹೇಳಲಿ. ಹೇಳಿಬಿಡಲಿ. ಇವರೆಲ್ಲ ಉಗಿಯಲಿ.

ಮಾತು ಹುಡುಕುತ್ತ ಅವನ ಹಣೆ ಬೆವರಿತು. ಕನ್ನಡಕವನ್ನು ಅವಳ ಕೈಗೆ ಕೊಡದೆ, ದೂರದಿಂದಲೇ ಮೇಜಿನ ಮೇಲಿಟ್ಟ.

“ನಾನು... ಇವರ ಭಾವ. ನನ್ ತಮ್ಮ... ಇದ್ದಿದ್ರೆ, ಅವನೇ ತರ್ತಿದ್ದ.”