ಬಿಟ್ಟುಬಿಡುವ ಅಭ್ಯಾಸ

ಬಡ ಹುಡುಗಿಯರ ಹಾಸ್ಟೆಲ್ ಮುಚ್ಚಿ ಅಲ್ಲಿ ಮದುವೆ ಹಾಲ್ ಕಟ್ಟಿಸಬೇಕೆಂದು ಕಾನ್ವೆಂಟಿನ ಮುಖ್ಯಸ್ಥೆ ಮದರ್ ತೀರ್ಮಾನಿಸಿಯಾಗಿತ್ತು. ಸಿಸ್ಟರ್‌ಗಳು ಮಾತ್ರ ಒಪ್ಪಿರಲಿಲ್ಲ. ಅವರ ಮನಸ್ಸು ತಿರುಗಿಸಲೆಂದೇ, ಬದಲಾವಣೆಗೆ ಜನರನ್ನು ಒಗ್ಗಿಸುವ ಶಿಬಿರ ನಡೆಸುವ ವಿಲ್ಮಾಳನ್ನು ಮದರ್ ಕರೆಸಿದ್ದರು.

ವಿಲ್ಮಾಗೆ ಇಂಥವರನ್ನು ಕಂಡರೆ ಮೊದಲಿನಿಂದಲೂ ತಾತ್ಸಾರ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹೆಂಗಸರು. ಇವರನ್ನು ಬಗ್ಗಿಸುವುದೇನು ಮಹಾ ಎಂದುಕೊಂಡು ಎಲ್ಲರನ್ನೂ ಒಂದು ಮೇಜಿನ ಸುತ್ತ ಕೂರಿಸಿದಳು.

“ನೋಡಿ ಸಿಸ್ಟರ್, ನಿಮ್ಮನ್ನ ಕಟ್ಟಿಹಾಕಿರೋದು ಯಾವುದೋ ಅದನ್ನ ಬಿಟ್ಟುಬಿಡಿ. ಅದರ ಗುರುತಿಗೆ ಏನಾದ್ರೂ ಒಂದನ್ನ ಈ ಮೇಜಿನ ಮೇಲಿಡಿ.”

ಯಾರೂ ಅಲುಗಾಡಲಿಲ್ಲ.

“ಇದಕ್ಕೂ ಮದರ್ ಅಪ್ಪಣೆ ಬೇಕಾ?” ವಿಲ್ಮಾ ನಕ್ಕಳು. ಬಾಗಿಲ ಬಳಿ ಕೂತಿದ್ದ ಮದರ್ ಕೂಡ ನಕ್ಕರು.

ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಹಿರಿಯ ಸಿಸ್ಟರ್ ಸೆಲೆಸ್ತಿನ್ ಮೆಲ್ಲಗೆ ಎದ್ದರು. “ಹುಡುಗಿಯರನ್ನ ಬಿಡ್ಲಿಕ್ಕೆ ನಂಗೆ ಆಗುದಿಲ್ಲ. ಬೇರೆ ಎಂತಾದ್ರೂ ಬಿಟ್ರೆ ಸಾಕಾ?”

“ಯಾವುದಾದ್ರೂ ಸರಿ, ಶುರು ಮಾಡಿ,” ಎಂದು ವಿಲ್ಮಾ ಆಕಳಿಸಿದಳು.

ಸೆಲೆಸ್ತಿನ್ ಸನ್ಯಾಸದ ವ್ರತ ತೊಟ್ಟ ದಿನ, ಇನ್ನು ಕಾನ್ವೆಂಟಿಗೇ ಸೇರಿದವಳೆಂಬ ಗುರುತಿಗೆ ಹಾಕಿಸಿಕೊಂಡಿದ್ದ ಉಂಗುರವನ್ನು ಕಳಚಿ ಮೇಜಿನ ಮೇಲಿಟ್ಟರು; ಉಳಿದ ಸಿಸ್ಟರ್‌ಗಳೆಲ್ಲ ಅವರ ಹಿಂದೆ ಸಾಲಾಗಿ ನಿಂತು ತಮ್ಮ ತಮ್ಮ ಉಂಗುರ ಕಳಚತೊಡಗಿದರು.