ಮೂಲೆಯ ನಕ್ಷತ್ರ

ಲ್ಯಾಪ್‌ಟಾಪ್ ತೆರೆದವಳೇ ದೊಡ್ಡ ಸೊಸೆ ಪರದೆಯ ಬಲಮೂಲೆ ನೋಡಿದಳು. ಮಗಳ ಪುಸ್ತಕದಿಂದ ಕಿತ್ತು ಅಂಟಿಸಿದ್ದ ಹಳದಿ ನಕ್ಷತ್ರ ಅಲ್ಲೇ ಇತ್ತು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಕೊಂಡ ದಿನದಿಂದಲೂ ಆ ಮೂಲೆಯಲ್ಲಿ ‘ಈ ಸಿಸ್ಟಮ್‌ಗೆ ಲೈಸೆನ್ಸ್ ಇಲ್ಲ’ ಎಂದು ಮಸುಕು ಅಕ್ಷರ ಬರುತ್ತಿತ್ತು. ಅದನ್ನು ನೋಡಲಾರದೆ ನಕ್ಷತ್ರ ಮೆತ್ತಿದ್ದಳು. ಅಷ್ಟು ಮಾಡಿ, ಇನ್ನು ಯಾರಿಗೂ ಕಾಣುವುದಿಲ್ಲವೆಂದು ನೆಮ್ಮದಿಯಾಗಿ ಆನ್‌ಲೈನಿನಲ್ಲಿ ತನ್ನ ಪರದೆಯನ್ನೇ ತೋರಿಸುತ್ತಾ ಮಕ್ಕಳಿಗೆ ಲೆಕ್ಕದ ಪಾಠ ಮಾಡುತ್ತಿದ್ದಳು, ಪುಣ್ಯಾತ್ಗಿತ್ತಿ.

ಒಂದು ದಿನ ಪಾಠದ ನಡುವೆ ಹುಡುಗನೊಬ್ಬ, “ಮಿಸ್, ಆ ಮೂಲೇಲಿ ಏನೋ ಬರೆದಿದೆಯಲ್ಲ?” ಎಂದು ಕೇಳಿಯೇಬಿಟ್ಟ. ಹಿಂದೆ ಹಾದುಹೋಗುತ್ತಿದ್ದ ಚಿಕ್ಕ ಸೊಸೆ ಬಗ್ಗಿ, “ಅಕ್ಕಾ, ಸ್ಟಿಕ್ಕರ್ ನಿಮ್ಮ ಕಣ್ಣಿಗಷ್ಟೇ ಮುಚ್ಚುತ್ತೆ. ಅವರ ಕಡೆ ಎಲ್ಲಾ ಕಾಣ್ತಾ ಇರುತ್ತೆ” ಎಂದು ಪಿಸುಗುಟ್ಟಿದಳು. ಪಿಸುಗುಟ್ಟಿದ್ದೇ ತಪ್ಪಾಯಿತು. ಜೋರಾಗಿ ನಕ್ಕಿದ್ದರೆ ದೊಡ್ಡವಳು ಒಂದು ಜಗಳವಾಡಿ ಹಗುರಾಗುತ್ತಿದ್ದಳು. ಮೈಯೆಲ್ಲ ಉರಿದುಹೋಯಿತು. ಕಿತ್ತರೆ ಅವಳ ಮಾತು ಕೇಳಿದ ಹಾಗಾಗುತ್ತದೆಂದು ನಕ್ಷತ್ರವನ್ನು ಮುಟ್ಟಲೂ ಇಲ್ಲ. ಆಮೇಲೆ ಮಕ್ಕಳೂ ಅದರ ಸುದ್ದಿ ಎತ್ತಲಿಲ್ಲ. ಮರೆತರೇನೋ ಅಂದುಕೊಂಡಳು.

ಹೊಟ್ಟೆಕಿಚ್ಚಿಗೆ ಕಾರಣ ಒಂದೇ ಎರಡೇ? ಚಿಕ್ಕವಳದ್ದು ಹೊಸ ಲ್ಯಾಪ್‌ಟಾಪ್, ಹೊಸ ಕೆಲಸ, ತಿಂಗಳು ಮುಗಿದರೆ ಸಂಬಳ. ಅತ್ತೆಯ ಬಾಯಲ್ಲಿ ಬೆಳಗಾದರೆ “ಚಿಕ್ಕವಳನ್ನ ಕೇಳು, ಅವಳಿಗೆ ಗೊತ್ತಿರುತ್ತೆ.” ಈಗ ದೊಡ್ಡವಳಿಗೂ ಒಂದು ಅವಕಾಶ ಬಂದಿತ್ತು. ಆನ್‌ಲೈನ್ ಶಾಲೆಯೊಂದು ಇವತ್ತು ಮಧ್ಯಾಹ್ನ ಪಾಠ ಮಾಡಿ ತೋರಿಸಿ ಎಂದಿತ್ತು. ಒಪ್ಪಿಗೆಯಾದರೆ ಕಾಯಂ ಕೆಲಸ. ಶರತ್ತು ಇಷ್ಟೇ: ಲ್ಯಾಪ್‌ಟಾಪಿನ ಸಿಸ್ಟಮ್‌ಗೆ ಅಸಲಿ ಲೈಸೆನ್ಸ್ ಇರಬೇಕು, ಪಾಠಕ್ಕೆ ಮೊದಲು ತೋರಿಸಬೇಕು. ಅಂಗಡಿಯವನು, “ಸುಮ್ನೆ ಯಾಕೆ ಮೇಡಂ ಖರ್ಚು? ಚಿಲ್ಲರೆ ಕಾಸಿಗೆ ನಕಲಿ ಹಾಕಿಕೊಡ್ತೀನಿ” ಎಂದಿದ್ದ. “ಅಸಲೀನೇ ಕೊಡಿ” ಎಂದು, ಕನ್ನಡಕ ಬದಲಿಸಲು ಕೂಡಿಟ್ಟಿದ್ದ ದುಡ್ಡಿನಲ್ಲಿ ಲೈಸೆನ್ಸ್ ಕೀ ಕೊಂಡು ತಂದಿದ್ದಳು. ಈ ಒಂದು ಕೆಲಸವಾದರೂ ಚಿಕ್ಕವಳ ಕೈ ಸೋಕದೆ ಆಗಬೇಕಿತ್ತು.

ಊಟದ ಮೇಜಿನ ಎದುರುಬದಿ ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ದೊಡ್ಡವಳು ಹಳೇ ಕನ್ನಡಕವನ್ನು ಮೂಗಿನ ಮೇಲೆ ಹಿಂದೆ ಮುಂದೆ ಸರಿಸಿ ಹಾಳೆಯಲ್ಲಿದ್ದ ಕೀಯ ಉದ್ದನೆಯ ಅಂಕಿ-ಅಕ್ಷರ ಓದಿಕೊಂಡು, ಅದನ್ನು ಹಾಕುವ ಪುಟ ತೆರೆದಳು. ಅಲ್ಲಿ ಹಸಿರು ಗುರುತಿನ ಪಕ್ಕ, ಲೈಸೆನ್ಸ್ ಸರಿಯಾಗಿದೆ ಎಂದಿತ್ತು. ಮುಚ್ಚಿ ತೆರೆದಳು. ಮತ್ತೆ ಅದೇ. ಗಾಬರಿಯಾಗಿ ಅಂಗಡಿಯವನಿಗೆ ಫೋನ್ ಮಾಡಿದಳು.

“ಹಾಗಾದ್ರೆ ಆಗಲೇ ಯಾರೋ ಹಾಕಿದಾರೆ ಮೇಡಂ. ಮೂಲೇಲಿ ಬರವಣಿಗೆ ಇದೆಯಾ ನೋಡಿ.”

ಉಗುರಿನಿಂದ ನಕ್ಷತ್ರವನ್ನು ಎಬ್ಬಿಸಿದಳು. ಕೆಳಗೆ ಏನೂ ಇರಲಿಲ್ಲ.

“ಅಯ್ಯೋ, ಅದಾ?” ಎಂದರು ಅತ್ತೆ, ಬೆಳ್ಳುಳ್ಳಿಯಿಂದ ಕಣ್ಣೆತ್ತದೆ. “ಚಿಕ್ಕವಳು ಯಾವತ್ತೋ ಹಾಕಿದಾಳಲ್ಲ. ನೀನು ಮಗೂನ ಹಲ್ಲಿನ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿರಲಿಲ್ವಾ, ಆವತ್ತು. ಅವಳೇ ದುಡ್ಡು ಕೊಟ್ಟು ತಗೊಂಡಳು. ನಿನ್ನ ಪಾಸ್‌ವರ್ಡ್ ಮನೆಗೆಲ್ಲಾ ಗೊತ್ತಲ್ಲ.”

“ನನಗ್ಯಾಕೆ ಹೇಳಲಿಲ್ಲ?”

“ನಾನೂ ಅದನ್ನೇ ಕೇಳಿದೆ ಕಣೇ. ‘ಬೇಡ ಅತ್ತೆ, ನಾನು ಮಾಡಿದ್ದು ಅಂತ ಗೊತ್ತಾದ್ರೆ ಅಕ್ಕನಿಗೆ ಹೊಟ್ಟೆ ಉರಿಯುತ್ತೆ’ ಅಂದಳು.” ಹೇಳಿ ಮುಗಿಸಿದ ಮೇಲೆ ಅತ್ತೆ ನಾಲಿಗೆ ಕಚ್ಚಿಕೊಂಡರು. “ನೋಡು, ನಾನು ಹೇಳಿದೆ ಅಂತ ಮಾತ್ರ ಹೇಳಬೇಡ ಕಣೇ.”

 ದೊಡ್ಡವಳು ಇಷ್ಟು ದಿನ ತನ್ನ ಉರಿ ತನ್ನ ಹೊಟ್ಟೆಯೊಳಗೇ ಇದೆಯೆಂದು ನಂಬಿದ್ದಳು. ಅದು ಮನೆಮಂದಿಗೆಲ್ಲ ಗೊತ್ತಿದೆ. ಅದನ್ನು ಕೆಣಕದ ಹಾಗೆ ಆ ಹುಡುಗಿ ಮನೆಯೊಳಗೆ ಮೆಲ್ಲಗೆ ಓಡಾಡುತ್ತಿದ್ದಾಳೆ. ಕೃತಜ್ಞತೆ ಬರಬೇಕಿತ್ತು. ಬರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಸೋತದ್ದಾಯಿತು, ಸಂಬಳದಲ್ಲಿ ಸೋತದ್ದಾಯಿತು, ಈಗ ಒಳ್ಳೆಯತನದಲ್ಲೂ ಅವಳೇ ಗೆದ್ದಳಲ್ಲ ಎಂದು ಇನ್ನಷ್ಟು ಉರಿಯಿತು.

ಅಷ್ಟರಲ್ಲಿ ಚಿಕ್ಕವಳ ಕೋಣೆಯ ಬಾಗಿಲು ಸದ್ದಾಯಿತು. ಕಾಫಿ ಲೋಟ ಹಿಡಿದು ಬಂದವಳು ಮೇಜಿನಿಂದ ಸ್ವಲ್ಪ ದೂರವೇ ನಿಂತಳು. ಕಣ್ಣು ಮೊದಲು ಕೀ ಇದ್ದ ಹಾಳೆಯ ಮೇಲೆ ಬಿತ್ತು, ಆಮೇಲೆ ಅತ್ತೆಯ ಮುಖದ ಮೇಲೆ. ಅತ್ತೆ ಸುಲಿದ ಬೆಳ್ಳುಳ್ಳಿಯನ್ನೇ ಮತ್ತೆ ಸುಲಿಯತೊಡಗಿದರು.

“ಅಕ್ಕಾ... ಲೈಸೆನ್ಸ್ ತಂದ್ರಾ? ಹಾಕಿ ಆಯ್ತಾ?”

“ಆಯ್ತಮ್ಮಾ. ಈಗ ತಾನೇ ಹಾಕಿದೆ. ನಾನೇ ಹಾಕಿದೆ.”

“ಹೌದಾ? ಒಳ್ಳೇದಾಯ್ತು ಬಿಡಿ,” ಎಂದಳು ಚಿಕ್ಕವಳು, ತುಸು ತಡೆದು. “ಹಾಗಾದ್ರೆ ಇನ್ನು ಆ ಸ್ಟಿಕ್ಕರ್ ತೆಗೀಬಹುದಲ್ಲ.”

ದೊಡ್ಡವಳು ಬೆರಳ ತುದಿಯಲ್ಲಿದ್ದ ನಕ್ಷತ್ರವನ್ನು ಏನೂ ಇಲ್ಲದ ಆ ಮೂಲೆಗೇ ಮತ್ತೆ ಮೆತ್ತಿ, ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಅಂಟು ಹೋಗಿತ್ತು. ಬೆರಳು ತೆಗೆದರೆ ಬೀಳುತ್ತಿತ್ತು.

ಚಿಕ್ಕವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೂ ಅವಳು ಬೆರಳು ತೆಗೆಯಲಿಲ್ಲ.